ಎರಡು ಟ್ಯೂಬ್‌ಲೈಟು, ಒಂದು ಫ್ಯಾನು

ಇಲ್ಲ ಇಲ್ಲ, ಆ ಸಣ್ಣ ಬ್ಯಾಟರಿ ಬೇಡ ಮುನಿಸ್ವಾಮಿಯವರೇ. ಅಂಗಡಿ ಬಿಟ್ಟು ಯುಪಿಎಸ್ ಹಾಕೋ ಜಾಗ ನೋಡೋಕೆ ಅಂತ ಬಂದಿದೀರ, ದೊಡ್ಡದನ್ನೇ ಹೇಳಿ. ಯಾಕೆ ನಗ್ತೀರ? ಮನೇಲಿರೋದು ನಾನು, ನನ್ನ ಮಗಳು ಶ್ರೀವಿದ್ಯಾ, ಇಬ್ರೇ. ಈ ತುಳಸಮ್ಮನಿಗೆ ಅಷ್ಟು ದೊಡ್ಡದು ಯಾಕೆ ಅಂತಾನಾ? ಮೊದ್ಲು ಬರ್ಕೊಳ್ಳಿ, ಆಮೇಲೆ ನಗಿ. ಹಾಲಿಗೆ ಎರಡು ಟ್ಯೂಬ್‌ಲೈಟು, ಎರಡೂ ಒಟ್ಟಿಗೆ ಉರೀಬೇಕು. ಒಂದು ಫ್ಯಾನು. ಜಗಲಿಗೊಂದು ಬಲ್ಬು... ಅದು ಜೋರಾಗಿರ್ಬೇಕು, ಪಕ್ಕದ ಜಗಲೀಲಿ ನಿಂತವರ ಕಣ್ಣು ಕುಕ್ಕೋ ಹಾಗೆ. ಟೀವಿ ಬೇಡ. ಕಂಪ್ಯೂಟರ್ ಇಲ್ಲ. ಮಿಕ್ಸಿ ಎಳೆಯಲ್ಲ ಅಂತ ನಂಗೂ ಗೊತ್ತು ಬಿಡಿ, ಅವತ್ತಿನ ಚಟ್ನಿ ಬೆಳಗ್ಗೇನೇ ರುಬ್ಬಿಟ್ಟಿರ್ತೀನಿ.

ಯಾವತ್ತಿನ ಚಟ್ನಿ? ಹೇಳ್ತೀನಿ, ಕೂತ್ಕೊಳ್ಳಿ. ಕಾಫಿ ತಗೊಳ್ಳಿ.

ಪಕ್ಕದ ಜಗಲಿ ಪಾರ್ವತಮ್ಮಂದು. ನನ್ನ ವಾರಗಿತ್ತಿ. ಇದು ನಮ್ಮ ಮಾವನವರು ಕಟ್ಟಿಸಿದ ಒಂದೇ ಮನೆ ಮುನಿಸ್ವಾಮಿಯವರೇ, ಚಾಮರಾಜಪೇಟೇಲಿ ಹಳೇ ಕಾಲದ ಮನೆಗಳೆಲ್ಲ ಹೀಗೇ ತಾನೆ. ಪಾಲಾದಾಗ ನಡುವೆ ಗೋಡೆ ಎದ್ದಿತು. ಬಾವಿ ಅವರ ಕಡೆ ಹೋಯ್ತು, ಮೀಟರು, ಮೇನ್ ಸ್ವಿಚ್ಚು ನಮ್ಮ ಕಡೆ ಬಂತು. ಹೌದು, ಎರಡು ಕಡೆಗೂ ಒಂದೇ ಮೀಟರು. ಬೇರೆ ಮಾಡಿಸ್ಬೇಕು ಮಾಡಿಸ್ಬೇಕು ಅಂತ ಹನ್ನೆರಡು ವರ್ಷ ಆಯ್ತು. ಸ್ವಿಚ್ಚು ಆ ಒಳಗಿನ ರೂಮಿನಲ್ಲಿದೆ, ಬೀರು ಪಕ್ಕ. ಆಮೇಲೆ ನೋಡಿದ್ರಾಯ್ತು, ಈಗೇನೂ ಅರ್ಜೆಂಟಿಲ್ಲ.

ಹೋದ ಮಾಘದಲ್ಲಿ ನಮ್ಮ ಶ್ರೀವಿದ್ಯಾನ ನೋಡೋಕೆ ಮಲ್ಲೇಶ್ವರದಿಂದ ಬಂದಿದ್ರು. ಒಳ್ಳೇ ಮನೆತನ. ಹುಡುಗ ಬ್ಯಾಂಕಿನಲ್ಲಿ ಆಫೀಸರ್ರು, ಒಬ್ಬನೇ ಮಗ. ಸಂಜೆ ಆರೂವರೆ. ಕೇಸರಿಬಾತು, ಉಪ್ಪಿಟ್ಟು ತಟ್ಟೆಗೆ ಹಾಕಿ ಕೊಟ್ಟಿದೀನಿ. ಇವಳು ಒಳಗಿನ ರೂಮಿನಲ್ಲಿ ಸೀರೆ ಉಟ್ಕೊಳ್ತಿದ್ಲು. "ಹುಡುಗೀನ ಕರೀರಿ" ಅಂತ ಹುಡುಗನ ತಾಯಿ ಅಂದ್ರು ನೋಡಿ... ಹೋಯ್ತು ಕರೆಂಟು. ಕತ್ತಲೆ ಅಂದ್ರೆ ಕತ್ತಲೆ. ಹುಡುಗೀನ ಕರೆಯೋ ಹೊತ್ತಿಗೇ ದೀಪ ಆರಿದ್ರೆ ಗಂಡಿನ ಕಡೆಯವರು ಏನಂದ್ಕೋತಾರೆ, ನೀವೇ ಹೇಳಿ.

ಒಂದು ಫೇಸ್ ಹೋಗಿರ್ಬೇಕು, ಈಗ ಬಂದ್ಬಿಡುತ್ತೆ ಅಂತ ಅವರಿಗೆ ಹೇಳಿ, ಪಾರ್ವತಮ್ಮನ ಹತ್ರ ಓಡಿದೆ. ಅವಳ ಹತ್ರ ಎಮರ್ಜೆನ್ಸಿ ಲ್ಯಾಂಪಿತ್ತು. "ಒಂದು ಹತ್ತು ನಿಮಿಷ ಕೊಡಿ ಅಕ್ಕ" ಅಂತ ಕೈ ಮುಗ್ದೆ. "ಚಾರ್ಜ್ ಇಲ್ಲ ತುಳಸಿ" ಅಂದ್ಲು. ಸರಿ, ಮೇಣದ ಬತ್ತಿ ಹಚ್ಚಿದೆ. ಆ ಬೆಳಕಲ್ಲಿ ಯಾವ ಹುಡುಗಿ ಚೆನ್ನಾಗಿ ಕಾಣ್ತಾಳೆ ಹೇಳಿ? ಇವಳು ಬಂದು ಎರಡು ನಿಮಿಷ ತಲೆ ತಗ್ಗಿಸಿ ಕೂತು ಎದ್ದು ಹೋದ್ಲು. ಅವರೂ ಎದ್ರು.

ಕೇಳಿ, ಮುಖ್ಯವಾದದ್ದು ಇಲ್ಲಿದೆ. ಜಗಲೀಲಿ ಕತ್ತಲಲ್ಲಿ ಚಪ್ಪಲಿ ಹುಡುಕ್ತಿದಾರೆ. ಆಗ ಪಕ್ಕದ ಬಾಗಿಲು ತೆಗೀತು. ಪಾರ್ವತಮ್ಮನ ಮಗಳು ಬಿಂದು ಲ್ಯಾಂಪ್ ಹಿಡ್ಕೊಂಡು ಬಂದ್ಲು. ಚಾರ್ಜ್ ಇಲ್ಲ ಅಂದ್ಲಲ್ಲ, ಅದೇ ಲ್ಯಾಂಪು. ಅವಳಮ್ಮನೇ ಕಳ್ಸಿದ್ದು. ಕೈಲಿ ದೀಪ, ತಲೇಲಿ ಮಲ್ಲಿಗೆ, ಬೆಳಕೆಲ್ಲ ಮುಖದ ಮೇಲೆ. "ಇಲ್ಲಿದೆ ನೋಡಿ ನಿಮ್ಮ ಚಪ್ಪಲಿ" ಅಂದ್ಲಂತೆ ಆ ಹುಡುಗನಿಗೆ.

ಈಗ ಅರ್ಥ ಆಯ್ತಾ? ಗುರುವಾರ ಪಕ್ಕದ ಮನೇಲಿ ನಿಶ್ಚಿತಾರ್ಥ. ಅದೇ ಹುಡುಗ.

ಅಯ್ಯೋ ಪಾಪ ಅನ್ಬೇಡಿ ನಂಗೆ. ಪಾಪ ಅನ್ನಿಸ್ಕೊಂಡು ಅನ್ನಿಸ್ಕೊಂಡು ಸಾಕಾಗಿದೆ. ಬೆಳಗ್ಗೆ ಎದ್ರೆ ಗೋಡೆ ಆಚೆ ಅವಳ ನಗು. ಸೀರೆ ಲೆಕ್ಕ, ಛತ್ರದ ಮಾತು. ನಂಗೆ ಕೇಳ್ಲಿ ಅಂತಾನೇ ಬಾವಿ ಕಟ್ಟೆ ಹತ್ರ ನಿಂತು ಮಾತಾಡ್ತಾಳೆ. ನಂಗೂ ಒಂದು ದಿನ ಬರ್ಬೇಕು ತಾನೆ? ಅವತ್ತು ಆ ಮಲ್ಲೇಶ್ವರದವರು ಕತ್ತಲಲ್ಲಿ ಕೂತಿರ್ತಾರೆ. ಲಗ್ನಪತ್ರಿಕೆ ಓದೋಕೆ ಪುರೋಹಿತರಿಗೆ ಅಕ್ಷರ ಕಾಣಲ್ಲ. ಆಗ ನಮ್ಮ ಜಗಲಿ ಜಗಜಗ ಅಂತಿರುತ್ತೆ. "ಬನ್ನಿ, ಒಳಗೆ ಬನ್ನಿ, ನಮ್ಮಲ್ಲಿ ಬೆಳಕಿದೆ" ಅಂತ ನಾನೇ ಹೋಗಿ ಕರೀತೀನಿ. ನಮ್ಮ ಹಾಲಲ್ಲಿ ಕೂರಿಸ್ತೀನಿ. ಎರಡು ಟ್ಯೂಬ್‌ಲೈಟಿನ ಕೆಳಗೆ ನನ್ನ ಮಗಳು ಎಲ್ಲರಿಗೂ ಕಾಫಿ ಕೊಡ್ತಾಳೆ. ನೋಡ್ಲಿ. ಏನನ್ನ ಬಿಟ್ಟು ಏನನ್ನ ಆರಿಸ್ಕೊಂಡ್ರು ಅಂತ ಸರಿಯಾಗಿ ನೋಡ್ಲಿ. ಪಾರ್ವತಮ್ಮ ನನ್ನ ಬಾಗಿಲಲ್ಲಿ ನಿಂತು ನೋಡ್ಬೇಕು.

ಎಷ್ಟು ಹೊತ್ತು ಬ್ಯಾಕಪ್ ಬೇಕು ಅಂದ್ರಾ? ಒಂದೂವರೆ ಗಂಟೆ ಸಾಕು. ಆರೂವರೆಗೆ ಹೋಗುತ್ತೆ, ಎಂಟಕ್ಕೆ ಬಂದ್ಬಿಡುತ್ತೆ.

ಬರ್ಕೊಳ್ಳಿ. ಯಾಕೆ, ಪೆನ್ನು ಯಾಕೆ ನಿಲ್ಲಿಸಿದ್ರಿ?

ಅದು... ಪೇಪರಲ್ಲಿ ಹಾಕಿದ್ರು, ಗುರುವಾರ ಲೋಡ್ ಶೆಡ್ಡಿಂಗ್ ಅಂತ. ಯಾವ ಪೇಪರೋ, ನೆನಪಿಲ್ಲ. ಹಾಗ್ ನೋಡ್ಬೇಡಿ ಮುನಿಸ್ವಾಮಿಯವರೇ. ಆ ರೂಮಿನ ಕಡೆ ಯಾಕೆ ನೋಡ್ತೀರ?

ಸರಿ. ನಾನೇ ತೆಗೀತೀನಿ ಮೇನು. ಆಯ್ತಾ? ಪರೀಕ್ಷೆ ಮಾಡೋಣ ಅಂತ ಈ ವಾರ ಎರಡು ಸಲ ತೆಗೆದೂ ನೋಡಿದೆ. ಅವರ ಕಡೆ ಫ್ಯೂಸ್ ಮಾತ್ರ ಕಿತ್ರೆ ಅನುಮಾನ ಬರುತ್ತೆ. ಮೇನೇ ತೆಗೆದ್ರೆ ನಮ್ಮ ಕಡೇನೂ ಕತ್ತಲೆ, ಅದಕ್ಕೇ ನಿಮ್ಮ ಬ್ಯಾಟರಿ ಬೇಕಾಗಿರೋದು. ಎದುರು ಮನೇಲಿ ಲೈಟಿದೆಯಲ್ಲ ಅಂತ ಯಾರಾದ್ರೂ ಕೇಳಿದ್ರೆ, ಒಂದು ಫೇಸ್ ಹೋಗಿದೆ ಅಂದ್ರಾಯ್ತು. ಬೆಂಗಳೂರಲ್ಲಿ ಫೇಸ್ ಹೋಗಿದೆ ಅಂದ್ರೆ ಯಾರೂ ಮತ್ತೆ ಪ್ರಶ್ನೆ ಕೇಳಲ್ಲ. ಅವತ್ತೂ ಯಾರೂ ಕೇಳ್ಲಿಲ್ಲ.

ಅವತ್ತು...

ಅವತ್ತು ಎದುರು ಮನೇಲಿ ಲೈಟಿತ್ತು. ಬೀದಿ ಕೊನೇಲಿ ದೀಪಾನೂ ಇತ್ತು. ಹೌದು.

ಸುಮ್ನೆ ಆ ಬಾಗಿಲು ನೋಡ್ಕೊಂಡು ಕೂರ್ಬೇಡಿ. ಪಾರ್ವತಮ್ಮ ಹೇಗೆ ತೆಗೆದಾಳು, ಸ್ವಿಚ್ಚು ಈ ಕಡೆ ಇದೆಯಲ್ಲ ಅಂತ ತಾನೆ ನೀವು ಯೋಚನೆ ಮಾಡ್ತಿರೋದು? ಆ ರೂಮಿನಲ್ಲಿ ಯಾರಿದ್ರು ಅಂತ? ಬಾಗಿಲು ಒಳಗಿನಿಂದ ಬೋಲ್ಟ್ ಹಾಕಿತ್ತು. ಒಳಗೆ ಸೀರೆ ಉಟ್ಕೊಳ್ತಿದ್ದವಳು ಒಬ್ಬಳೇ. "ಈ ಹುಡುಗ ಬೇಡ ಅಮ್ಮ, ಬರೋದ್ ಬೇಡ ಅಂತ ಹೇಳ್ಬಿಡು" ಅಂತ ಹಿಂದಿನ ದಿನ ಎರಡು ಸಲ ಹೇಳಿದ್ಲು. ನಾನು ಕಿವಿಗೆ ಹಾಕ್ಕೊಳ್ಲಿಲ್ಲ. ಅವರು ಹೋದ ಮೇಲೆ ನಾನೇ ಹೋಗಿ ಸ್ವಿಚ್ಚು ಮೇಲೆತ್ತಿದೆ. ಇಬ್ರೂ ಇವತ್ತಿನವರೆಗೂ ಅದರ ಮಾತೆತ್ತಿಲ್ಲ.

ಪುಸ್ತಕ ಮುಚ್ಬೇಡಿ. ಕೂತ್ಕೊಳ್ಳಿ, ನಿಮ್ಮ ಕಾಫಿ ಹಾಗೇ ಇದೆ.

ಪಾರ್ವತಮ್ಮ ಲ್ಯಾಂಪ್ ಕೊಡ್ಲಿಲ್ಲ, ಅದು ಸುಳ್ಳಲ್ಲ. ಅಷ್ಟು ಮಾಡಿದಾಳೆ, ನಂಗೆ ಅಷ್ಟು ಸಾಕು. ಉಳಿದದ್ದನ್ನ ಯಾರ ಮೇಲೆ ತೀರಿಸ್ಕೊಳ್ಲಿ ಹೇಳಿ... ಮಗಳ ಮೇಲೆ ಸೇಡು ತೀರಿಸ್ಕೊಳ್ಳೋಕಾಗುತ್ತಾ?