ನೋವಾದ ಕೂಡಲೇ ಒತ್ತಬೇಕಾದ ಗುಂಡಿ

ಓಲ್ಬೋರ್ಗಿನ ನೋವಿನ ಚಿಕಿತ್ಸಾಲಯದಲ್ಲಿ ಲಿಸ್ಬೆಟ್ ಮಂಡಿ ನೀವಿಕೊಳ್ಳುತ್ತ ಸರದಿಗೆ ಕಾಯುತ್ತಿದ್ದಳು. ಕಾಲಿಗೆ ಬಿಸಿ ತಾಗಿಸಿ ನೋವು ಅಳೆಯುವ ಪರೀಕ್ಷೆ ಮುಗಿಸಿ ಹೊರಬಂದ ಮುದಿ ಮೀನುಗಾರ ವಾಗ್ನ್‌ನನ್ನು ಅವನ ಹೆಂಡತಿ ಇಂಗೆರ್ ಎದುರು ಬೆಂಚಿನಲ್ಲೇ ತರಾಟೆಗೆ ತೆಗೆದುಕೊಂಡಳು.

“ಬಿಸಿ ತಾಗಿ ನೋವಾದ್ರೂ ಗುಂಡಿ ಒತ್ಲೇ ಇಲ್ವಂತೆ? ನರ್ಸ್ ಹೇಳಿದ್ಲು.”

“ತಡ್ಕೊಬಹುದಿತ್ತು.”

“ನಲವತ್ತು ವರ್ಷ ದೋಣೀಲಿ ತಡ್ಕೊಂಡಿದ್ದು ಸಾಲ್ದಾ? ಅದು ನಿನ್ನ ಗಂಡಸ್ತನದ ಪರೀಕ್ಷೆ ಅಲ್ಲ ಮಾರಾಯ. ಯಾವ ಔಷಧಿ ನಿಂಗೆ ಹಿಡಿಯುತ್ತೆ ಅಂತ ನೋಡೋದು!”

“ಅದನ್ನೇ ಅವಳೂ ಬೈದು ಹೇಳಿದ್ಲು. ಎರಡನೇ ಸಲ ಸರಿಯಾಗಿ ಒತ್ತಿದೆ.”

“ಆಮೇಲೆ?”

“ಬರೀ ಬ್ರಷ್ ಸವರಿದ್ರೂ ಕಾಲು ಉರಿಯೋದು ಗೊತ್ತಾಯ್ತು. ಇದು ನರದ ನೋವಂತೆ. ಮೂರು ವರ್ಷ ನುಂಗಿದ ಮಾತ್ರೆ ಇದಕ್ಕಲ್ವಂತೆ. ಬೇರೆ ಕೊಡ್ತಾರೆ. ಖಾತ್ರಿ ಇಲ್ಲ, ಆದ್ರೆ ನನ್ನಂಥೋರಿಗೆ ಹಿಡಿಯೋದೇ ಜಾಸ್ತಿಯಂತೆ.”

“ಹಾಗಾದ್ರೆ ನಿಂಗೇನನ್ಸುತ್ತೆ?”

ವಾಗ್ನ್ ಟೋಪಿ ಹಾಕಿಕೊಂಡ. “ಪರವಾಗಿಲ್ಲ ಅನ್ಸುತ್ತೆ.”

ಇಂಗೆರ್ ಕಣ್ಣೊರೆಸಿಕೊಂಡು ನಕ್ಕಳು. “ಮದುವೆ ದಿನ ಬಿಟ್ರೆ ನಿನ್ನ ಬಾಯಲ್ಲಿ ಇಷ್ಟು ಸಂಭ್ರಮ ಕೇಳಿರ್ಲಿಲ್ಲ.”

ಇಬ್ಬರೂ ಕೈ ಹಿಡಿದು ಮೆಲ್ಲಗೆ ಹೊರಟರು. ನರ್ಸ್ ಬಾಗಿಲಲ್ಲಿ ನಿಂತು ಕೇಳಿದಳು: “ಲಿಸ್ಬೆಟ್, ಮಂಡಿ ಹೇಗಿದೆ?”

ನಾಲಿಗೆ ತುದಿಗೆ ಬಂದಿದ್ದ “ಪರವಾಗಿಲ್ಲ” ಎಂಬುದನ್ನು ಲಿಸ್ಬೆಟ್ ನುಂಗಿಕೊಂಡಳು.

“ಜೀವ ಹೋಗ್ತಿದೆ,” ಎಂದಳು.