ಸತ್ತ ಕಾವಲುಗಾರ ಯಾಕೆ ಎದ್ದು ಬಂದ?

...ಅಲ್ಲಾಡಬೇಡ ಅಂದೆನಲ್ಲ! ಮುಖದ ಲೇಪ ಒಣಗೋವರೆಗೂ ತುಟಿ ಎರಡು ಮಾಡೋ ಹಾಗಿಲ್ಲ. ಬಿರುಕು ಬಿಟ್ರೆ ಮತ್ತೆ ಮೊದಲಿಂದ ಹಚ್ಚಬೇಕು, ನನಗೆ ಪುರುಸೊತ್ತಿಲ್ಲ. ನಾಳೆ ಓದುಗರ ಸಭೆ, ವೇದಿಕೆ, ಫೋಟೋ... "ಅಕ್ಕಾ, ನೀನೇ ರೆಡಿ ಮಾಡು" ಅಂತ ಬಂದಿದೀಯ. ಮಾಡ್ತೀನಿ. ಊರಿಗೆಲ್ಲ ಮಾಡೋಳು ಒಡಹುಟ್ಟಿದ ತಂಗಿಗೆ ಮಾಡಲ್ವಾ? ಆದ್ರೆ ನಿನ್ನ ಜುಟ್ಟು ನನ್ನ ಕೈಲಿರೋವರೆಗೂ ನಾನು ಹೇಳೋದು ಕೇಳಬೇಕು. ಓದಿದೆ ಕಣೇ, ನಿನ್ನ ಕಾದಂಬರಿಯ ಮೂರನೇ ಭಾಗ.

ಯಾಕೆ ಕಣ್ಣು ಮುಚ್ಕೊಂಡೆ? ಬಿಡು ಕಣ್ಣು!

ಮೊದಲನೇ ಭಾಗ ಹೇಗಿತ್ತು! ಹದಿನಾರು ತುಂಬಿದ ಮಕ್ಕಳ ಹೆಸರು ಕಿತ್ಕೊಂಡು ನಂಬರ್ ಕೊಡೋ ಊರು. ಯಾರನ್ನಾದ್ರೂ ಹೆಸರು ಹಿಡಿದು ಕರೆದ್ರೆ ನಾಲಿಗೆ ಕತ್ತರಿಸ್ತಾರೆ. ಆ ಹುಡುಗಿ ಗೋಡೆ ಹಾರೋದನ್ನ ನನ್ನ ಗಿರಾಕಿಗಳ ಮಕ್ಕಳು ಇದೇ ಕುರ್ಚೀಲಿ ಕೂತು, ಕೂದಲು ಕತ್ತರಿಸಿ ಮುಗಿದ್ರೂ ಏಳದೆ ಓದ್ತಿದ್ರು. ಈಗ? ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೀತಾರೆ, ಯಾರ ನಾಲಿಗೇನೂ ಹೋಗಲ್ಲ! ಆ ಕಾನೂನು ಎಲ್ಲಿ ಹೋಯ್ತಮ್ಮಾ, ರಜಾ ಹಾಕ್ತಾ?

ನಗಬೇಡ. ಲೇಪ, ಲೇಪ!

ಗೋಡೆ ಹಾರಿದ ಆ ಗಟ್ಟಿಗಿತ್ತಿ ಈಗ ಸುರಂಗದಲ್ಲಿ ಕೂತು ಏನು ಮಾಡ್ತಾಳೆ? ಈ ಹುಡುಗನೋ, ಆ ಹುಡುಗನೋ... ಅರ್ಧ ಪುಸ್ತಕ ಇದೇ ಗೋಳು. ಹೊರಗೆ ಊರು ಹೊತ್ತಿ ಉರೀತಿದೆ ಕಣೇ! ಇನ್ನು ಆ ಅಧಿಪತಿ, ಎರಡು ಭಾಗ ಪೂರ್ತಿ ಬಾಯಿ ಬಿಡದೆ ಹೆದರಿಸಿದೋನು, ಅವಳನ್ನ ಕಂಬಕ್ಕೆ ಕಟ್ಟಿ ತಾನು ಯಾಕೆ ಕೆಟ್ಟೋನಾದೆ ಅಂತ ಪುಟಗಟ್ಲೆ ಕೊರೀತಾನೆ. ನಾನಾಗಿದ್ರೆ ಅಷ್ಟೊತ್ತಿಗೆ ಹಗ್ಗ ಬಿಚ್ಕೊಂಡು, ಮನೆಗೆ ಹೋಗಿ, ಬಟ್ಟೆ ಒಗೆದು ಒಣಗಹಾಕಿ ವಾಪಸ್ ಬರ್ತಿದ್ದೆ.

ಅದೂ ಹೋಗ್ಲಿ ಅನ್ನು. ಆ ಕಾವಲುಗಾರ! ಎರಡನೇ ಭಾಗದಲ್ಲಿ ಅವಳಿಗೋಸ್ಕರ ಬಾಗಿಲು ತೆಗೆದು ಪ್ರಾಣ ಬಿಟ್ನಲ್ಲ ಮುದುಕ, ಓದಿದೋರೆಲ್ಲ ಅತ್ರು. ಅವನನ್ನೇ ಎಬ್ಬಿಸಿ ನಿಲ್ಲಿಸಿದೀಯಲ್ಲೇ! "ಮೂರ್ಛೆ ಹೋಗಿದ್ದೆ ಅಷ್ಟೇ ಮಗಳೇ" ಅಂತೆ! ಹೂಳಿದ ಮೇಲೆ? ಮೈಮೇಲಿನ ಮಣ್ಣು ಕೊಡವ್ಕೊಂಡು? ಪೇಪರಿನೋರು ಬರೆದ್ರಲ್ಲ, ಇನ್ನು ಈ ಕಥೇಲಿ ಯಾರು ಸತ್ರೂ ನಾವು ಅಳಲ್ಲ ಅಂತ. ಸರಿಯಾಗೇ ಬರೆದ್ರು. ಟೀವೀಲಿ ಅದನ್ನ ನಗ್ತಾ ನಗ್ತಾ ಓದಿದ್ರು, ನೀನು ಎದುರಿಗೆ ಕೂತು ಬೆವರು ಒರೆಸ್ಕೊಂಡೆ. ನಾನಿಲ್ಲಿ ಕೂತು ನೋಡಿದೆ. ಹೊಟ್ಟೆ ತಣ್ಣಗಾಯ್ತು.

ಹೂಂ, ತಣ್ಣಗಾಯ್ತು ಅಂದೆ. ಏನಿವಾಗ?

ಎರಡನೇ ಭಾಗ ಬಂದಾಗ ಅದೇ ಟೀವೀಲಿ ಕೇಳಿದ್ರು, ಕಥೆ ಎಲ್ಲಿಂದ ಹೊಳೆಯುತ್ತೆ ಅಂತ. "ಒಬ್ಬಳೇ ವಾಕಿಂಗ್ ಹೋಗುವಾಗ" ಅಂದೆ ನೀನು. ಆಹಾಹಾ! ಅಂಗಡಿ ರಜೆ ಅಂತ ಸೋಮವಾರ ಸೋಮವಾರ ಬಂದು, ಈ ಕುರ್ಚೀಲಿ ತಲೆಗೆ ಎಣ್ಣೆ ತಿಕ್ಕಿಸ್ಕೊಳ್ತಾ, "ಅಕ್ಕಾ, ಮುಂದೇನಾಗ್ಲಿ?" ಅಂತಿದ್ದೋಳು ಯಾರು? ಗೋಡೆ ಹಾರಿಸಿದ್ದು ಯಾರು? ಕಾವಲುಗಾರನ್ನ ಸಾಯಿಸಿದ್ದು ಯಾರು? ಪುಸ್ತಕದ ಕೊನೇಲಿ ನಿನ್ನ ಬೆಕ್ಕಿಗೂ ಕೃತಜ್ಞತೆ ಹೇಳಿದೀಯ. ಬೆಕ್ಕಿಗೆ! ಅಕ್ಕ ಮಾತ್ರ ಲೆಕ್ಕಕ್ಕಿಲ್ಲ. ಹತ್ತಿದ ಏಣಿ ಒದೆಯೋದು ಅಂದ್ರೆ ಇದೇ ತಾನೆ?

ಅದಕ್ಕೇ ಈ ಸಲ... ಈ ಸಲ ನಿನ್ನ ಪಾಡಿಗೆ ನಿನ್ನ ಬಿಟ್ಟೆ. ನೀನೇ ಬರೆದೆ, ನೀನೇ ಮುಗ್ಗರಿಸಿದೆ. ಸತ್ತೋನನ್ನ ಎಬ್ಬಿಸು ಅಂತ ಯಾರಾದ್ರೂ ಬಂದು ಹೇಳಿದ್ರಾ ನಿನಗೆ?

...ಕನ್ನಡೀಲಿ ಯಾಕೆ ಹಾಗೆ ನೋಡ್ತೀಯ?

ತಡಿ, ಒಣಗ್ತು. ಬಗ್ಗು, ತೊಳೀತೀನಿ... ಹಾಂ. ಈಗ ಬಾಯಿ ಬಿಡಬಹುದು. ಹೇಳು, ಯಾರು ಹೇಳಿದ್ದು?

ಮಾತಾಡೇ!

ಆಯ್ತು. ನಾನೇ. ಫೋನಲ್ಲಿ. ಕಥೆ ಮುಂದಕ್ಕೇ ಹೋಗ್ತಿಲ್ಲ ಅಕ್ಕಾ ಅಂತ ಅಳ್ತಿದ್ದೆ ನೀನು. ಕಾವಲುಗಾರನ್ನ ಎಬ್ಬಿಸು, ಜನ ಕುಣಿದಾಡ್ತಾರೆ ಅಂದೆ ನಾನು. ಬೇಕಂತಲೇ ಅಂದೆ! ಕೆಡಲಿ ಅಂತಲೇ ಅಂದೆ! ನಾಲ್ಕು ಜನರ ಮುಂದೆ ನಿನ್ನ ಮುಖ ಕೆಳಗಾಗ್ಲಿ ಅಂತ... ಫೋನಿಟ್ಟು ನಕ್ಕೆ ಕೂಡಾ.

ಏನಾದ್ರೂ ಅನ್ನೇ. ಬಯ್ಯಿ, ಬೇಕಾದ್ರೆ ಹೊಡಿ.

ಅಲ್ಲ... ನೀನು ಆವತ್ತೂ ಹೀಗೇ ಸುಮ್ಮನಾಗಿಬಿಟ್ಟೆ. ಆಮೇಲೆ "ನಿಜವಾಗ್ಲೂ ಎಬ್ಬಿಸ್ಲಾ ಅಕ್ಕಾ?" ಅಂದೆ. ತಿರುಗಾ ಅದನ್ನೇ ಕೇಳಿದೆ... ಗೊತ್ತಿತ್ತಾ ನಿನಗೆ? ಕಥೆ ಕೆಡುತ್ತೆ ಅಂತ ಗೊತ್ತಿತ್ತಾ? ಗೊತ್ತಿದ್ದೂ ಬರೆದೆಯಾ, ನಾನು ಹೇಳಿದೆ ಅನ್ನೋ ಒಂದೇ ಕಾರಣಕ್ಕೆ?

ಮುಖ ಯಾಕೆ ಇನ್ನೂ ಒದ್ದೆ... ಆಗಲೇ ಒರೆಸಿದೆನಲ್ಲ.

ಟೀವೀಲಿ ಅಷ್ಟು ಜನ ನಗಾಡಿದ್ರಲ್ಲೇ ಪುಟ್ಟೀ. ಒಂದು ಮಾತು ಸಾಕಿತ್ತು, "ನಮ್ಮಕ್ಕ ಹೇಳಿದ್ದು" ಅಂತ. ಎಲ್ಲ ನನ್ನ ತಲೆ ಮೇಲೆ ಬಂದು ಬೀಳ್ತಿತ್ತು. ನೀನು ಹೇಳಲಿಲ್ಲ. ನಾಳೆ ಆ ಮಕ್ಕಳೆಲ್ಲ ಎದ್ದು ನಿಂತು ಕೇಳ್ತಾರೆ, ಸತ್ತೋನು ಯಾಕೆ ಬಂದ ಅಂತ. ಏನು ಮಾಡ್ತೀಯ, ಸುಮ್ಮನೆ ನಿಂತು ಉಗಿಸ್ಕೋತೀಯಾ?

ತಲೆ ಆಡಿಸಬೇಡ, ಕೈಲಿ ಕತ್ತರಿ ಇದೆ... ಕೇಳು ಇಲ್ಲಿ. ನಾಳೆಯಾದ್ರೂ ನನ್ನ ಹೆಸರು ಹೇಳೇ.