ಸೊನ್ನೆ ಬೈಟಿನ ಜೋಗುಳ

ನಂಬ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು. ನಾನಂತೂ ಎರಡೂ ಕಿವಿಯಾರೆ ಕೇಳಿದೋನು. ಬಾಗಿಲು ಸ್ವಲ್ಪ ಮುಂದಕ್ಕೆ ಹಾಕು... ಹಾಂ, ಸಾಕು.

ನಮ್ಮ ಚಿಕ್ಕಪ್ಪನ ಮಗಳು ನೇತ್ರಾವತಿ ನ್ಯಾಮತಿಯಾಗೆ ಹುಡುಗರಿಗೆ ಕಂಪ್ಯೂಟರಿನ ಸಿ ಪ್ರೋಗ್ರಾಮ್ ಹೇಳಿಕೊಡ್ತಾಳೆ. ಹೋದ ಕಾರ್ತೀಕದಾಗೆ ಒಂದಿನ ಕೊನೆ ಬಸ್ಸಿಗೆ ನಮ್ಮೂರು ಗೋವಿನಕೋವಿಗೆ ಬಂದು ಇಳಿದ್ಲು. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು. ಬಸ್ಸಿನಾಗೆ ಅತ್ತೂ ಅತ್ತೂ ಕಣ್ಣು ಊದಿಕೊಂಡಿದ್ವು. ರೋಡಿನಿಂದ ನಮ್ಮನೆಗೆ ಬರಾಕೆ ಹಳೇ ಬಾವಿ ದಾಟಬೇಕು. ಕರೆಂಟು ಬೇರೆ ಹೋಗಿತ್ತು. ಮೊಬೈಲ್ ಬೆಳಕು ಹಿಡ್ಕೊಂಡು ಬಿರಬಿರನೆ ನಡೀತಿದ್ಲಂತೆ...

ಕಿರ್ರ್... ಕಿರ್ರ್...

ರಾಟೆ ತಿರುಗೋ ಸದ್ದು. ಹಿಂದೆಯೇ, ಕೊಡ ನೀರಿಗೆ ಬಿದ್ದಂಗೆ... ಗುಳುಂ.

ನೇತ್ರಾ ನಿಂತ್ಲು. ಆ ಬಾವಿಗೆ ರಾಟೆ ಎಲ್ಲೈತೆ? ಬೋರ್ ಹಾಕಿಸಿದ ವರ್ಷವೇ ಅದನ್ನ ಕಿತ್ತು ಹಾಕಿದ್ರು.

"ನೇತ್ರಾ..."

ಒಂದೇ ಸಲ. ಮೆಲ್ಲಗೆ. ಕತ್ತಲಾಗೆ ಯಾರು ಕರೆದ್ರೂ ಮೂರನೇ ಸಲದವರೆಗೂ ಓಗೊಡಬಾರದು, ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಮನುಷ್ಯರಾದ್ರೆ ಮೂರು ಸಲ ಕರೀತಾರೆ, ಸತ್ತೋರಾದ್ರೆ ಒಂದೇ ಸಲ. ನೇತ್ರಾಗೂ ಗೊತ್ತಿತ್ತು. ಆದ್ರೆ ಆ ದನಿ ಅವಳ ಅವ್ವ ಕರಿಯಕ್ಕಂದು. ಆಷಾಢದಾಗೆ ನಾವೇ ಹೊತ್ತು ಮಣ್ಣು ಮಾಡಿದ ಕರಿಯಕ್ಕಂದು.

"ಓ... ಅವ್ವಾ" ಅಂದುಬಿಟ್ಲು.

ಅಷ್ಟೇ. ಜೀರುಂಡೆ ಸದ್ದು ಕೂಡ ನಿಂತು ಹೋಯ್ತಂತೆ.

ಅವಳು ಅವತ್ತು ಯಾಕೆ ಅಳ್ತಿದ್ಲು ಅಂತ ಹೇಳಬೇಕು, ಇಲ್ಲಾಂದ್ರೆ ಮುಂದಿಂದು ತಿಳಿಯಲ್ಲ. ಕರಿಯಕ್ಕ ತೀರಿಕೊಂಡ ದಿನ ನೇತ್ರಾ ಹೊನ್ನಾಳಿಯಾಗೆ ಹೆರಿಗೆಗೆ ಸೇರಿದ್ಲು. ಅತ್ಲಾಗೆ ಕೂಸು ಬಂತು, ಇತ್ಲಾಗೆ ಅವ್ವ ಹೋದ್ಲು. ಹಸೀ ಬಾಣಂತಿ ಸಾವಿನ ಮನೆಗೆ ಕಾಲಿಡಬಾರದು ಅಂತ ತಡೆದೋಳು ನಮ್ಮವ್ವ ಭೀಮಕ್ಕ. ಹಂಗಾಗಿ ನೇತ್ರಾ ಅವ್ವನ ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ, ಮೂರನೇ ದಿನ ಮಣ್ಣಿಗೆ ಹಾಲು ತುಪ್ಪ ಬಿಡಾಕೂ ಬರಲಿಲ್ಲ. ಅವಳಿಗೆ ಅಂತ ಉಳಿದಿದ್ದು ಅವ್ವನ ದನಿ ಒಂದೇ. ಬಸುರಿ ಮಗಳ ಹೊಟ್ಟೆ ಮೇಲೆ ಕೈಯಿಟ್ಟು ಕರಿಯಕ್ಕ ಒಂದು ಜೋಗುಳ ಹಾಡಿದ್ಲು, ಅದನ್ನ ಫೋನಿನಾಗೆ ಹಿಡಿದು ಲ್ಯಾಪ್‌ಟಾಪಿಗೆ ಹಾಕ್ಕೊಂಡಿದ್ಲು. ಫೋನು ಆಮೇಲೆ ಕಾಲುವೆ ನೀರಿಗೆ ಬಿದ್ದು ಹಾಳಾಯ್ತು.

ಅವತ್ತು ಕ್ಲಾಸಿನಾಗೆ ಒಂದು ಪ್ರೋಗ್ರಾಮ್ ಟೆಸ್ಟ್ ಮಾಡ್ತಿದ್ಲಂತೆ. ಒಂದು ಫೈಲನ್ನ ಓದಿ ಇನ್ನೊಂದಕ್ಕೆ ಬರೆಯೋದು, ಎಷ್ಟು ಬೈಟ್ ಓದ್ತು ಅಂತ ಕೊನೆಗೆ ತೋರ್ಸೋದು. ನಾನು ಲಗೇಜ್ ಆಟೋ ಓಡ್ಸೋನು, ನನಗೆ ಅದರ ತಲೆಬುಡ ತಿಳಿಯಲ್ಲ. ಅವಳು ಹೇಳಿದ್ದನ್ನೇ ಹೇಳ್ತೀನಿ. ಫೈಲು ತೆರೆಯೋವಾಗಲೇ ಓದಾಕೋ ಬರೆಯಾಕೋ ಅಂತ ಹೇಳಬೇಕಂತೆ. ಓದಾಕೆ ಆರ್, ಬರೆಯಾಕೆ ಡಬ್ಲ್ಯೂ. ಡಬ್ಲ್ಯೂ ಅಂತ ತೆರೆದ್ರೆ ಅದು ಏನು ಎತ್ತ ಅಂತ ಕೇಳಲ್ಲ, ಒಳಗಿರೋದನ್ನೆಲ್ಲ ಒರೆಸಿ ಹಾಕಿಯೇ ತೆರೀತೈತಂತೆ, ಸ್ಲೇಟು ಒರೆಸಿದಂಗೆ. ಅದಕ್ಕೇ ಟೆಸ್ಟಿಗೆ ಕೆಲಸಕ್ಕೆ ಬಾರದ ಫೈಲನ್ನೇ ಕೊಡಬೇಕು ಅಂತ ದಿನಾ ಹುಡುಗರಿಗೆ ಹೇಳೋಳು ಅವಳೇ. ಅವತ್ತು ಅವ್ವನ ನೆನಪಾಗಿ ಜೋಗುಳದ ಫೈಲು ಕೊಟ್ಲು. ಬೆಳಗ್ಗೆ ಪಾಠಕ್ಕೆ ಅಂತ ಹಾಕಿದ್ದ ಡಬ್ಲ್ಯೂ ಹಂಗೇ ಉಳಿದಿತ್ತು. ಆಮೇಲೆ ಅದನ್ನ ಆರ್ ಮಾಡಿದ್ಲು, ಏನು ಬಂತು? ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಂಗೆ. ಫೈಲಿನ ಹೆಸರು ಐತೆ, ಒಳಗೆ ಸೊನ್ನೆ ಬೈಟು, ಪೂರ್ತಿ ಖಾಲಿ.

ಮನೆಗೆ ಬಂದೋಳು, ಹಗಲೆಲ್ಲ ನಮ್ಮವ್ವ ನೋಡ್ಕೊಂಡಿದ್ದ ಕೂಸಿಗೆ ಹಾಲು ಕುಡಿಸಿ ಮಲಗಿಸಿದ್ಲು. ಬಾವಿ ವಿಷಯ ಯಾರ ಹತ್ರಾನೂ ಬಾಯಿ ಬಿಡಲಿಲ್ಲ. ನಾವೆಲ್ಲ ಮಲಗಿದ ಮೇಲೆ ಮೂಲೆಯಾಗೆ ಕೂತು ಅದೇ ಪ್ರೋಗ್ರಾಮನ್ನ ಇನ್ನೊಂದು ಸಲ ಓಡಿಸಿದ್ಲು. ಖಾಲಿ ಫೈಲಾದ್ರೆ ಮೊದಲ ಸಲ ಓದಾಕೆ ಹೋದ ಕೂಡ್ಲೇ ಮುಗೀತು ಅಂತ ಹೇಳಿ ನಿಂತುಬಿಡಬೇಕಂತೆ.

ಅದು ನಿಲ್ಲಲಿಲ್ಲ...

ಸುಮ್ನೆ ಓದ್ತಾ ಹೋಯ್ತು. ಲ್ಯಾಪ್‌ಟಾಪಿನ ಫ್ಯಾನು ಗುಂಯ್ ಅಂತ ತಿರುಗ್ತಿತ್ತು. ಕೊನೆಗೆ ನಿಂತಾಗ, ಓದಿದ್ದು ಇಷ್ಟು ಅಂತ ಉದ್ದಕ್ಕೊಂದು ಅಂಕಿ ತೋರಿಸ್ತು. ಅವಳು ಬಂದು ನನ್ನ ಭುಜ ಅಲ್ಲಾಡಿಸಿದ್ಲು.

"ಅಣ್ಣಾ... ಏಳಣ್ಣ. ಒಂದೀಟು ಬಾ."

ಓದಿದ್ದನ್ನ ಬರೆದುಕೊಂಡಿದ್ದ ಆ ಇನ್ನೊಂದು ಫೈಲನ್ನ ಹಾಕಿದ್ಲು. ಇಬ್ಬರೂ ಕಿವಿ ಕೊಟ್ವಿ.

ಕಿರ್ರ್... ಕಿರ್ರ್... ಗುಳುಂ.

"ನೇತ್ರಾ..."

"ಓ... ಅವ್ವಾ." ಇದು ನೇತ್ರಾಳದೇ ದನಿ. ಪಕ್ಕದಾಗೆ ಕೂತ ನೇತ್ರಾ ಬಾಯಿಗೆ ಸೆರಗು ತುರುಕಿಕೊಂಡಿದ್ಲು.

ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ ಕರಿಯಕ್ಕ, ಜ್ವರ ಬಂದೋರಂಗೆ ಒಣಗಿದ ದನಿಯಾಗೆ...

"ಬಾಯಿ ಒಣಗೈತೆ ಕಣವ್ವಾ."

ಸುಳ್ಳು ಯಾಕೆ ಹೇಳಲಿ, ನಾನು ಎದ್ದು ಓಡಿಹೋಗಾಕೆ ನೋಡಿದೆ. ಬಾಗಿಲ ಹತ್ರ ನಮ್ಮವ್ವ ನಿಂತಿದ್ಲು. ಯಾವಾಗ ಎದ್ದಿದ್ಲೋ ಏನೋ.

"ಕರಿಯಕ್ಕನ ದನಿ ಅಲ್ಲೇನೋ ಅದು?" ಅಂದ್ಲು.

"ಬಾವಿ ಹತ್ರ ಕರೆದ್ಲು ದೊಡ್ಡವ್ವ. ಓ ಅಂದುಬಿಟ್ಟೆ."

"ಎಷ್ಟನೇ ಸಲಕ್ಕೆ?"

"ಮೊದಲನೇ ಸಲಕ್ಕೇ."

ಅವ್ವ ಬೈತಾಳೆ ಅಂದುಕೊಂಡೆ. ಬೈಲಿಲ್ಲ. ಗೋಡೆ ಹಿಡ್ಕೊಂಡು ಮೆಲ್ಲಗೆ ಕೂತ್ಲು. "ಓ ಅಂದೋಳೇ ಬಾಯಿಗೆ ಹಾಲು ಕೊಡಬೇಕು. ಕೊಡದಿದ್ರೆ ಅವಳು ಕರ್ಕೊಂಡು ಹೋಗಾಕೆ ಬರ್ತಾಳೆ. ತೊಟ್ಟಿಲ ಕೂಸು ಬಿಟ್ಟು ನೀನು ಅವಳ ಹಿಂದೆ ಹೋಗಬ್ಯಾಡ ಕಣೇ. ನಾನೇ ತಡೆದಿದ್ದು... ನಡಿ, ಹಾಲು ತಗಾ."

ಬೆಳಗಾಗಲಿ ಅಂದೆ. ನಮ್ಮವ್ವ ಕೇಳಲಿಲ್ಲ. ಕೂಸಿನ ಹತ್ರ ಅವಳು ಕೂತ್ಲು, ನಾವಿಬ್ಬರೂ ಹೊರಟ್ವಿ. ನೇತ್ರಾ ಕೈಯಾಗೆ ಹಾಲಿನ ಚೊಂಬು, ನನ್ನ ಕೈಯಾಗೆ ಬ್ಯಾಟರಿ. ಬಾವಿ ದಾಟಿದ್ರೆ ನಮ್ಮ ಹೊಲ, ಹೊಲದ ಬದುವಿನಾಗೆ ಕರಿಯಕ್ಕನ್ನ ಮಣ್ಣು ಮಾಡಿದ ಗುದ್ದು. ಬಾವಿ ಪಕ್ಕ ಹೋಗೋವಾಗ ಏನೂ ಕೇಳಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ಹೆದರಿಕೆ ಆಯ್ತು ನನಗೆ.

ನೇತ್ರಾ ಮೊಣಕಾಲೂರಿ ಕೂತ್ಲು. "ತಡ ಆಯ್ತವ್ವ, ಬೈಬ್ಯಾಡ" ಅಂತ ತಲೆ ಕಡೆ ಹಾಲು ಬಿಟ್ಲು. ಹಾಲು ಮಣ್ಣಿನ ಮೇಲೆ ಹರೀಬೇಕಲ್ಲ? ಹರೀಲಿಲ್ಲ. ಬಿದ್ದಲ್ಲೇ ಇಳೀತು...

ಗುಟುಕ್... ಗುಟುಕ್... ಗುಟುಕ್...

ಚೊಂಬು ಖಾಲಿ ಆಗೋವರೆಗೂ. ಬ್ಯಾಟರಿ ಬೆಳಕಿನಾಗೆ ನೋಡ್ತೀನಿ, ಮಣ್ಣು ಒಣಗೇ ಐತೆ. ನೇತ್ರಾ ಅಲ್ಲೇ ಹಣೆ ಹಚ್ಚಿ, ಅವತ್ತು ಆಷಾಢದಾಗೆ ಅಳಬೇಕಾಗಿದ್ದನ್ನೆಲ್ಲ ಅತ್ಲು. ನಾನು ತಡೀಲಿಲ್ಲ.

ಮನೆಗೆ ಬಂದು ಪ್ರೋಗ್ರಾಮನ್ನ ಮತ್ತೆ ಓಡಿಸಿದ್ಲು. ನಮ್ಮವ್ವ, ನಾನು, ಅವಳು, ಮೂವರೂ ಕೂತಿದ್ವಿ. ರಾಟೆ ಸದ್ದಿಲ್ಲ. ನೀರಿನ ಸದ್ದಿಲ್ಲ. ಕರಿಯಕ್ಕ ಒಂದು ಸಲ ಗಂಟಲು ಸರಿ ಮಾಡ್ಕೊಂಡ್ಲು, ಜೋಗುಳ ಶುರು ಮಾಡಿದ್ಲು. ಅದೇ ಹಾಡು, ಅದೇ ರಾಗ, ನಡುವೆ ಅದೇ ಕೆಮ್ಮು.

ಮೊದಲ ಫೈಲು ಇವತ್ತಿಗೂ ಸೊನ್ನೆ ಬೈಟು ಅಂತಲೇ ತೋರಿಸ್ತೈತೆ, ಬೇಕಾದ್ರೆ ಬಂದು ನೋಡ್ರಿ. ಅದು ಹೆಂಗೆ ಅಂತ ನೇತ್ರಾಗೂ ಗೊತ್ತಿಲ್ಲ. ಆದ್ರೆ ನನ್ನ ನಿದ್ದೆ ಕೆಡಿಸೋದು ಅದಲ್ಲ. ಬಸುರಿ ಹೊಟ್ಟೆಗೆ ಹಾಡೋವಾಗ ಕರಿಯಕ್ಕ ಬರೀ "ಕೂಸೇ, ಕೂಸೇ" ಅಂದಿದ್ಲು. ಆ ರಾತ್ರಿ "ಮಲಗೇ ಧನುಶ್ರೀ" ಅಂದ್ಲು. ಕೂಸಿಗೆ ಆ ಹೆಸರಿಟ್ಟಿದ್ದು ಕರಿಯಕ್ಕನ್ನ ಮಣ್ಣು ಮಾಡಿ ಎರಡು ತಿಂಗಳಾದ ಮೇಲೆ. ತೊಟ್ಟಿಲ ಪಕ್ಕದಾಗೆ ನಾನೇ ನಿಂತಿದ್ದೆ.